ನಕ್ಕರೆ ಅರ್ಜಿ ವಜಾ

ಹದಿನೆಂಟು ತುಂಬದವರ ದುಃಖವು, ಬಾಲಮನಃಸ್ಥಿತಿ ತಪಾಸಣಾ ವಿಭಾಗವು ಮಾನ್ಯ ಮಾಡುವವರೆಗೆ ದುಃಖವಲ್ಲ. ಅದನ್ನು ‘ಮುಖ ಊದಿಸಿಕೊಳ್ಳುವುದು’ ಎಂದಷ್ಟೇ ಪರಿಗಣಿಸತಕ್ಕದ್ದು.

ಈ ನಿಯಮ ತಿಳಿಯದ ದರ್ಜಿ ಹೆಂಗಸೊಬ್ಬಳು ತನ್ನ ಹದಿನಾಲ್ಕರ ಮಗಳನ್ನು ವಿಭಾಗಕ್ಕೆ ಕರೆತಂದಳು. ಅಕ್ಕಪಕ್ಕದ ಮನೆಗೂ ಕೇಳುವಂತೆ ಹರಟುತ್ತಿದ್ದ ಹುಡುಗಿಗೆ ಮನೆಯಲ್ಲಿ ಚಿನಕುರಳಿ ಎಂದೇ ಹೆಸರು. ಈಗ ಕೆಲವು ತಿಂಗಳಿಂದ ಬಾಯಿಗೆ ಬೀಗ. ತಟ್ಟೆಯ ಮುಂದೆ ಕೂತರೆ ಊಟ ಆರುತ್ತಿತ್ತು. ಮಲಗಿದರೆ ಬಿಟ್ಟ ಕಣ್ಣಲ್ಲೇ ಬೆಳಗಾಗುತ್ತಿತ್ತು.

ವೈದ್ಯರು ತಾಯಿಯನ್ನು ವಿಚಾರಿಸಿದರು. “ದುಃಖ ಸತತವಾಗಿದೆಯೋ, ಬಿಟ್ಟು ಬಿಟ್ಟು ಬರುತ್ತೋ?”

“ಸತತ ಸಾರ್. ಮೊನ್ನೆ ಒಂದ್ಸಲ ಮಾತ್ರ ನಕ್ಕಳು. ನನ್ನ ತಮ್ಮ ಷರ್ಟು ಉಲ್ಟಾ ಹಾಕ್ಕೊಂಡು ಬಂದಿದ್ದ.”

ವೈದ್ಯರು ಪೆನ್ನು ಕೆಳಗಿಟ್ಟರು. “ಹಾಗಾದ್ರೆ ದುಃಖ ಅಲ್ಲಿಗೆ ತುಂಡಾಯ್ತಲ್ಲಮ್ಮ. ಮತ್ತೆ ಮೊದಲಿಂದ. ಎರಡು ವಾರ ಅಖಂಡವಾಗಿರಬೇಕು. ನಡುವೆ ನಕ್ಕರೆ ಅರ್ಜಿ ವಜಾ.”

“ಡಾಕ್ಟ್ರೇ, ನಂಗೆ...” ಎಂದಳು ಚಿನಕುರಳಿ.

“ನೀನು ಸುಮ್ನಿರು ಪುಟ್ಟಾ. ಅಪ್ರಾಪ್ತರ ಹೇಳಿಕೆ ನಡೆಯಲ್ಲ,” ಎಂದರು ವೈದ್ಯರು, ಬಹಳ ಅಕ್ಕರೆಯಿಂದ.

ಮನೆಯವರು ಟೊಂಕ ಕಟ್ಟಿ ನಿಂತರು. ಮಗಳು ಗುಣವಾಗಬೇಕಾದರೆ, ಅಲ್ಲಿಯವರೆಗೆ ಗುಣವಾಗದಂತೆ ನೋಡಿಕೊಳ್ಳಬೇಕಿತ್ತು. ಸೋದರಮಾವ ಬಸ್ ಕಂಡಕ್ಟರ್, ಹುಟ್ಟಾ ತಮಾಷೆಗಾರ. ಅವನಿಗೆ ಬಾಗಿಲು ಬಂದ್ ಆಯಿತು. ಗಡಿಯಾರ ರಿಪೇರಿ ಮಾಡುವ ತಂದೆ ಊಟದ ಹೊತ್ತಿಗೆ ಪತ್ರಿಕೆಯ ಅಪಘಾತದ ಸುದ್ದಿಗಳನ್ನು ಮಾತ್ರ ಗಟ್ಟಿಯಾಗಿ ಓದಿದ. ಪಕ್ಕದ ಮನೆಯ ಬೆಕ್ಕಿನ ಮರಿಗಳನ್ನು, ಸಂತೋಷಕ್ಕೆ ಪ್ರಚೋದನೆ ನೀಡಬಲ್ಲವು ಎಂಬ ಕಾರಣಕ್ಕೆ, ಬುಟ್ಟಿ ಸಮೇತ ಬೇರೆ ಬೀದಿಗೆ ಸಾಗಿಸಲಾಯಿತು.

ನಗಬಾರದೆಂಬ ವ್ರತ ಎಲ್ಲರಿಗೂ ಅಂಟಿತು. ತಾಯಿ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಕೂರತೊಡಗಿದಳು. ತಂದೆ ಅಂಗಡಿ ತೆರೆಯಲಿಲ್ಲ. ಅಕ್ಕನ ಮನೆಯ ಬಾಗಿಲು ಮುಚ್ಚಿದ ಕೊರಗಿಗೆ ಸೋದರಮಾವ ಮೂಗು ಒರೆಸಿಕೊಳ್ಳುತ್ತಲೇ ಟಿಕೆಟ್ ಹರಿಯುತ್ತಿದ್ದ.

ಅವಧಿ ಮುಗಿದ ದಿನ ಎಲ್ಲರೂ ವಿಭಾಗಕ್ಕೆ ಹೋದರು.

“ಈ ಸಲ ನಗು?” ಎಂದರು ವೈದ್ಯರು.

“ಒಂದೂ ಇಲ್ಲ ಸಾರ್,” ಎಂದು ತಂದೆ ಗಳಗಳನೆ ಅತ್ತ. ತಾಯಿಯೂ ಶುರು ಮಾಡಿದಳು. ಹೊರಗಿದ್ದ ಸೋದರಮಾವ ಇಣುಕಿ ನೋಡಿ, ತಾನೂ ದನಿ ಸೇರಿಸಿದ.

ವೈದ್ಯರು ಮೇಜು ಕುಟ್ಟಿದರು. “ಗಲಾಟೆ ಬೇಡ! ಒಬ್ಬೊಬ್ಬರಾಗಿ ಅಳಿ. ಸಾಲು ತಪ್ಪಬೇಡಿ.”

ಚಿನಕುರಳಿ ಕಿಸಕ್ಕನೆ ನಕ್ಕುಬಿಟ್ಟಳು.

ವಿಭಾಗದ ತೀರ್ಮಾನ ಅಲ್ಲೇ ಹೊರಬಿತ್ತು. ಹುಡುಗಿ ಆರೋಗ್ಯವಂತೆ. ಉಳಿದ ಮೂವರ ದುಃಖ ಅಖಂಡವೂ, ಕಣ್ಣಾರೆ ಕಂಡದ್ದೂ ಆಗಿರುವುದರಿಂದ ಮಾನ್ಯ. ಆದರೆ ವಯಸ್ಸು ಮೀರಿರುವುದರಿಂದ ಎದುರು ಕಟ್ಟಡದ ವಯಸ್ಕರ ವಿಭಾಗಕ್ಕೆ ಹೋಗತಕ್ಕದ್ದು. ಜೊತೆಗೆ ಆರೋಗ್ಯವಂತರೊಬ್ಬರು ಇರುವುದು ಕಡ್ಡಾಯ.

ಅಂದಿನಿಂದ ಚಿನಕುರಳಿ ವಾರಕ್ಕೊಮ್ಮೆ ಮೂವರನ್ನೂ ಕೈಹಿಡಿದು ರಸ್ತೆ ದಾಟಿಸುತ್ತಾಳೆ. ಮಾತ್ರೆ ಕೊಡುವವಳೂ ಅವಳೇ. ಹೇಗೂ ರಾತ್ರಿಯಿಡೀ ಎಚ್ಚರವಿರುವುದರಿಂದ ಒಂದು ಮಾತ್ರೆಯೂ ತಪ್ಪಿಲ್ಲ. ಮೂವರೂ ಚೆನ್ನಾಗಿ ಚೇತರಿಸಿಕೊಂಡಿದ್ದಾರೆ.

ಮೊನ್ನೆ ಅಲ್ಲಿಯ ಹೊಸ ನರ್ಸ್ ಕೇಳಿದಳು, “ಈ ಮಗು ಯಾಕಮ್ಮ ಇಷ್ಟು ಇಳಿದುಹೋಗಿದೆ?”

“ಅವಳಿಗೇನ್ರೀ ಆಗಿದೆ,” ತಾಯಿ ಮಗಳ ತಲೆ ನೇವರಿಸಿದಳು. “ಡಾಕ್ಟ್ರ ಮುಂದೇನೇ ನಕ್ಕಿದ್ದಾಳೆ!”

ನರ್ಸ್‌ಗೆ ಸಮಾಧಾನವಾಯಿತು. ಚಿನಕುರಳಿಯೂ ಹೌದೆಂದು ತಲೆಯಾಡಿಸಿದಳು.