ದೇವರಾಜುವಿನ ಔಷಧಿ ಸಾರು

ದೇವರಾಜು ಕೊನೆಯ ಸಲ ಬಾಡು ತಿಂದದ್ದು ಯುಗಾದಿಯ ಮರುದಿನ, ವರ್ಷತೊಡಕಿಗೆ. ಅದರ ಮಾರನೆಯ ವಾರವೇ ಮಾಗಡಿಯ ಡಾಕ್ಟರು ಅವನ ತೋಳಿಗೆ ಪಟ್ಟಿ ಸುತ್ತಿ, ಬುಸ್ ಬುಸ್ ಎಂದು ಗಾಳಿ ಹಾಕಿ, "ಬಿಪಿ ಇದೆ. ಉಪ್ಪು ಕಮ್ಮಿ, ಮಟನ್ ಬೇಡ" ಎಂದುಬಿಟ್ಟರು. ಡಾಕ್ಟರು ಹೇಳಿದ್ದು ಒಂದೇ ಸಲ. ಹೆಂಡತಿ ಮಮತಾ ಅದನ್ನು ಮೂರು ಹೊತ್ತೂ ಹೇಳುತ್ತಿದ್ದಳು. ಭಾನುವಾರ ಬಂತೆಂದರೆ ಅವರ ಊರು ಕಲ್ಯದ ಮನೆಮನೆಯಲ್ಲೂ ಮಸಾಲೆ ಅರೆಯುವ ಸದ್ದು. ಇವನ ಮನೆಯಲ್ಲಿ ಮಾತ್ರ ಸೊಪ್ಪು ಸೋಸುವ ಕೆಲಸ. ಅದಕ್ಕೆ ಸದ್ದೂ ಇಲ್ಲ, ಪಾಪ.

ಹೀಗಿರುವಾಗ ರಾಮನಗರದ ಹಾಸ್ಟೆಲಿನಲ್ಲಿ ಓದುವ ಮಗಳು ನವ್ಯಶ್ರೀ ರಜೆಗೆ ಬಂದವಳು ಒಂದು ಗಿಡ ತಂದು, ಪೇಂಟ್ ಬಕೆಟ್ಟಿನಲ್ಲಿ ನೆಟ್ಟು, ತುಳಸಿಕಟ್ಟೆಯ ಪಕ್ಕ ಇಟ್ಟು ಹೋದಳು.

"ಇದು ಬೇಸಿಲ್ ಅಪ್ಪ. ಹಸಿ ಎಲೇನ ಅಡುಗೆಗೆ ಹಾಕಿದ್ರೆ ಹೊಟ್ಟೆಗೂ ಒಳ್ಳೇದು, ಹಾರ್ಟ್‌ಗೂ ಒಳ್ಳೇದಂತೆ. ಇಳಿಸೋ ಮುಂಚೆ ಹಾಕ್ಬೇಕು ಅಷ್ಟೆ."

ಅವಳು ಹೇಳಿದ್ದು ಬೇಳೆ ಸಾರಿನ ಮಾತು. ಅಪ್ಪನ ಮನಸ್ಸು ಆಗಲೇ ಮಟನ್ ಅಂಗಡಿಯ ಮುಂದೆ ನಿಂತಿತ್ತು.

ಗಿಡ ಮೊಳಕಾಲೆತ್ತರ ಬರುವವರೆಗೂ ಅವನು ತಡೆದುಕೊಂಡ. ಒಂದು ಭಾನುವಾರ ಇನ್ನು ಆಗಲಿಲ್ಲ. ಬೆಳಿಗ್ಗೆಯೇ ಒಂದು ಕೆಜಿ ಮಟನ್ ತಂದು ಅಡುಗೆಮನೆಯಲ್ಲಿ ಇಟ್ಟ.

"ಮಟನ್ ಹಾರ್ಟ್‌ಗೆ ಕೆಟ್ಟದ್ದು, ಎಲೆ ಹಾರ್ಟ್‌ಗೆ ಒಳ್ಳೇದು. ಎರಡನ್ನೂ ಒಂದೇ ಪಾತ್ರೆಗೆ ಹಾಕ್ಬುಟ್ರೆ ಅಲ್ಲಿಗಲ್ಲಿಗೆ ಸರಿಹೋಯ್ತಲ್ಲಾ!"

ಮಮತಾ ಹಣೆ ಚಚ್ಚಿಕೊಂಡಳು. "ಅದು ಕಾಮಕಸ್ತೂರಿ ಕಣ್ರೀ! ನಮ್ಮವ್ವ ಹೂವಿನ ಜೊತೆ ಕಟ್ಟಿ ಮುಡೀತಿದ್ಲು. ಮುಡಿಯೋ ಸೊಪ್ಪನ್ನ ಯಾರಾದ್ರೂ ಸಾರಿಗೆ ಹಾಕ್ತಾರಾ? ನಾನು ಆ ಪಾತ್ರೆ ಮುಟ್ಟಾಕಿಲ್ಲ."

"ಮುಟ್ಬೇಡ, ನಾನೇ ಮಾಡ್ತೀನಿ" ಎಂದು ದೇವರಾಜು ಪಂಚೆ ಎತ್ತಿ ಕಟ್ಟಿದ. ಮಸಾಲೆ ರುಬ್ಬಿದ, ಈರುಳ್ಳಿಗೆ ಅತ್ತ, ಮಟನ್ ಬೇಯಲಿಟ್ಟ. ಸಾರು ಕುದಿ ಬಂದಾಗ ಅಂಗಳಕ್ಕೆ ಹೋಗಿ ಬಕೆಟ್ಟಿನ ಗಿಡವನ್ನು ಒಂದೆಲೆ ಬಿಡದೆ ಬೋಳಿಸಿದ. ಅಷ್ಟು ದಿನದ ಹಸಿವು, ಕೈ ಅಳತೆ ತಪ್ಪಿತು.

ಬಟ್ಟಲು ತುಂಬ ಎಲೆ ಹಿಡಿದು ತಿರುಗಿದರೆ, ಕಾಂಪೌಂಡಿನಾಚೆ ಪಕ್ಕದ ಮನೆಯ ಕೆಂಚಮ್ಮನ ಮುಖ.

"ಏನ್ಲಾ ದೇವ್ರಾಜ, ಭಾನುವಾರ ತುಳಸಿ ಕೀಳ್ತಾ ಇದ್ದೀಯಾ? ಒಳಗಡೆ ಬಾಡಿನ ವಾಸ್ನೆ ಬತ್ತೈತೆ! ತುಳಸವ್ವನ್ನ ಬಾಡಿಗೆ ಹಾಕೀಯೇನ್ಲಾ?"

"ಅಕ್ಕಾ, ಇದು ತುಳಸಿ ಅಲ್ಲ..."

ಕೆಂಚಮ್ಮ ಕೇಳುವುದಕ್ಕೆ ಅಲ್ಲಿದ್ದರೆ ತಾನೆ? ಅವಳ ಗಂಟಲು ಆಗಲೇ ಬೀದಿಯಲ್ಲಿತ್ತು. ಬಟ್ಟಲನ್ನು ಕಟ್ಟೆ ಮೇಲೆ ಕುಕ್ಕಿ ದೇವರಾಜು ಹಿಂದೆಯೇ ಓಡಿದ. ಓಡುತ್ತಲೇ ಕೂಗಿದ: "ಮಮತಾ, ಆ ಸೊಪ್ಪು ಹೆಚ್ಚಿ ಸಾರಿಗೆ ಹಾಕ್ಬುಡು, ಹೊತ್ತಾಯ್ತೈತೆ!"

ಪಾತ್ರೆ ಮುಟ್ಟುವುದಿಲ್ಲ ಎಂದಿದ್ದವಳು ಅದ್ಯಾಕೋ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಬೀದಿಯಿಂದ ಕೆಂಚಮ್ಮ ಊರ ಹಿರಿಯ ಮುನಿಶಾಮಯ್ಯನನ್ನೇ ಕರೆತಂದಳು. ಮಂಡಿನೋವಿನ ಮುನಿಶಾಮಯ್ಯ ದೊಣ್ಣೆ ಊರಿಕೊಂಡು ಬಂದು ಜಗಲಿ ಮೇಲೆ ಕುಳಿತ. ಗಲಾಟೆ ಕೇಳಿ ಆಟೋ ಓಡಿಸುವ ಮುಜಾಮಿಲ್ ಕೂಡ ಗಾಡಿ ನಿಲ್ಲಿಸಿದ.

"ಎಲ್ಲೈತ್ಲಾ ಆ ಗಿಡ?" ಎಂದು ಹಿರಿಯ ಕೇಳಿದ.

ದೇವರಾಜು ಬಕೆಟ್ ತೋರಿಸಿದ. ಬರೀ ಕಡ್ಡಿ. ಪಕ್ಕದ ಕಟ್ಟೆಯ ತುಳಸಿಯೂ ಬರೀ ಕಡ್ಡಿ. ಹಿಂದಿನ ದಿನ ಶನಿವಾರದ ಪೂಜೆಗೆಂದು ಮಮತಾ ಕಿತ್ತಿದ್ದಳು. ಎರಡು ಬೋಳು ಗಿಡಗಳಲ್ಲಿ ಕಳ್ಳ ಯಾರು, ಸಾಚಾ ಯಾರು ಎಂದು ಬ್ರಹ್ಮನೂ ಹೇಳುವಂತಿರಲಿಲ್ಲ.

"ಹಂಗಾದ್ರೆ ಸಾರನ್ನೇ ಕೇಳ್ಬೇಕು" ಎಂದ ಮುನಿಶಾಮಯ್ಯ. "ಒಸಿ ತಾರವ್ವಾ."

ಹಿರಿಯರ ಮುಂದೆಂದು ಮಮತಾ ತಲೆತುಂಬ ಸೆರಗು ಹೊದ್ದು ಪಾತ್ರೆ ತಂದಿಟ್ಟಳು. ಅವಳು ಬಗ್ಗಿ ಬಡಿಸುತ್ತಿದ್ದಂತೆ ಜಗಲಿಯೆಲ್ಲ ಕಾಮಕಸ್ತೂರಿಯ ಘಮಲು. ಮುನಿಶಾಮಯ್ಯ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ.

"ತುಳಸಿ ಅಲ್ಲ ಕಣವ್ವಾ ಕೆಂಚಮ್ಮ. ತುಳಸಿ ಹಿಂಗೆ ಗಮ್ ಅನ್ನಾಕಿಲ್ಲ."

ಅಷ್ಟಕ್ಕೆ ಕೈಮುಗಿದು ಒಳಗೆ ಹೋಗಿದ್ದರೆ ದೇವರಾಜು ಗೆದ್ದಿದ್ದ. ಆದರೆ ಗೆದ್ದವನ ಬಾಯಿ ಸುಮ್ಮನಿರುತ್ತದೆಯೆ?

"ನಾನೇಳ್ಲಿಲ್ವಾ ದೊಡ್ಡಪ್ಪ? ಇದು ಔಷಧಿ! ಗ್ಯಾಸು, ಬಿಪಿ, ನೋವು, ಎಲ್ಲಾದ್ಕೂ ಆಯ್ತದೆ."

ಮುನಿಶಾಮಯ್ಯ ಕಣ್ಣು ತೆರೆದ. "ಮಂಡಿಗೂನಾ?"

"ಮೊದ್ಲು ಮಂಡಿಗೇ!"

"ಹಂಗಾದ್ರೆ ಬರೀ ಸಾರು ಹೆಂಗ್ಲಾ ಕುಡಿಯೋದು? ಮುದ್ದೆ ತಾರವ್ವಾ."

ಮುದ್ದೆ ಬಂತು. ಮುದ್ದೆಯ ಹಿಂದೆ ತುಂಡುಗಳೂ ಬಂದವು. "ನನ್ಗೂ ಗ್ಯಾಸೈತೆ ಕಣಪ್ಪ" ಎಂದು ಕೆಂಚಮ್ಮ ತಟ್ಟೆ ಚಾಚಿದಳು. ಆಗಷ್ಟೇ ನರಕಕ್ಕೆ ಕಳಿಸಿದವಳು ಈಗ ಅಪ್ಪ ಎನ್ನುತ್ತಿದ್ದಳು. "ಸೊಂಟಕ್ಕೂ ಆಯ್ತದಾ ಅಣ್ಣಾ?" ಎಂದು ಮುಜಾಮಿಲ್ ಕುಳಿತೇಬಿಟ್ಟ. ಬೇಡವೆನ್ನಲು ದೇವರಾಜುವಿಗೆ ಬಾಯಿಲ್ಲ. ಆ ಬಾಯಿಯೇ ಎಲ್ಲವನ್ನೂ ಹಾಳುಮಾಡಿತ್ತು. ಸೌಟು ತಳ ಕೆರೆಯುವ ಸದ್ದು ಅವನ ಕರುಳನ್ನೇ ಕೆರೆಯಿತು.

ಕೆಂಚಮ್ಮ ಜೋರಾಗಿ ತೇಗಿ "ಗ್ಯಾಸು ಹೋಯ್ತು!" ಎಂದಳು. ಮುಜಾಮಿಲ್ ಸೊಂಟ ತಿರುಗಿಸಿ ನೋಡಿಕೊಂಡ. ಮುನಿಶಾಮಯ್ಯನಂತೂ ದೊಣ್ಣೆಯನ್ನು ಮರೆತೇ ಎದ್ದು ಹೋದ.

ದೇವರಾಜು ಒಳಗೆ ಬಂದು ಖಾಲಿ ಪಾತ್ರೆಯೊಳಗೆ ಇಣುಕಿದ. ಅಳು ಬರುವಂತಾಯಿತು. ಮಮತಾ ಸೆರಗು ಸರಿಸಿ ಬೆವರು ಒರೆಸಿಕೊಂಡಳು. ಅವಳ ತುರುಬಿನಲ್ಲಿ ಕನಕಾಂಬರದ ನಡುನಡುವೆ ಹಸಿರು ಎಲೆಗಳು ಒತ್ತಾಗಿ ಕುಳಿತಿದ್ದವು. ಘಮ್ಮೆಂದಿತು.

"ಮಮತಾ... ಹಂಗಾದ್ರೆ ಸಾರಿಗೆ ಹಾಕಿದ್ದು?"

"ದಂಟಿನ ಸೊಪ್ಪು. ಮುಡಿಯೋ ಸೊಪ್ಪನ್ನ ಸಾರಿಗೆ ಹಾಕಾಕೆ ನನ್ನ ಕೈಲಿ ಆಗ್ಲಿಲ್ಲಪ್ಪ."

ಸತ್ಯ ಕೂಗಿ ಹೇಳಿಬಿಡುತ್ತೇನೆಂದು ದೇವರಾಜು ಬಾಗಿಲಿಗೆ ನುಗ್ಗಿದ. ದೊಣ್ಣೆ ತೆಗೆದುಕೊಳ್ಳಲು ಬಂದ ಮುನಿಶಾಮಯ್ಯ ಎದುರಿಗೇ ಸಿಕ್ಕಿದ.

"ಮಂಡಿ ಹೂವಾಗೈತೆ ಕಣ್ಲಾ! ಬರೋ ಭಾನುವಾರ ಒಸಿ ಜಾಸ್ತಿ ಮಾಡು. ಕೋಡಿಹಳ್ಳಿಯಿಂದ ನಮ್ಮ ಬೀಗ್ರನ್ನೂ ಕರೆಸ್ತೀನಿ, ಅವ್ರಿಗೂ ಮಂಡಿನೇ."

ದೇವರಾಜು ಬಾಯಿ ತೆರೆದ. ಸಾರಿನಲ್ಲಿ ಆ ಎಲೆ ಇರಲೇ ಇಲ್ಲ ಎಂದರೆ, ಹಿರಿಯರು ಕುಡಿದು ಕೊಟ್ಟ ತೀರ್ಪೇ ಸುಳ್ಳಾಗುತ್ತದೆ. ತುಳಸಿಯ ಗಲಾಟೆ ಮತ್ತೆ ಮೊದಲಿನಿಂದ. ಬಾಯಿ ಮುಚ್ಚಿದ. "ಆಗ್ಲಿ ದೊಡ್ಡಪ್ಪ" ಎಂದು ದೊಣ್ಣೆ ಎತ್ತಿಕೊಟ್ಟ.

ಒಳಗೆ ಮಮತಾ ತಟ್ಟೆ ಹಾಕಿದ್ದಳು. ಉಳಿದ ಒಂದು ಮುದ್ದೆ, ಪಕ್ಕದಲ್ಲಿ ದಂಟು ಹಾಕಿದ ಬೇಳೆ ಸಾರು.

"ಸೊಪ್ಪೆಲ್ಲ ಆಚೆಯವ್ರ ಪಾಲಾಯ್ತು. ದಂಟು ಮಿಕ್ಕಿತ್ತು, ಉಪ್ಪು ಹಾಕ್ದೆ ಬೇಯ್ಸಿವ್ನಿ, ಉಣ್ಣಿ."

ದೇವರಾಜು ದಂಟು ಅಗಿಯುತ್ತ ಕುಳಿತ. ಬಡಿಸಲು ಮಮತಾ ಬಗ್ಗಿದಾಗಲೆಲ್ಲ ತಟ್ಟೆಯಿಂದಲೇ ಬರುವಂತೆ ಕಾಮಕಸ್ತೂರಿ ಘಮಘಮಿಸುತ್ತಿತ್ತು.