ಅತ್ತೆ ಸತ್ತ ಅಧ್ಯಾಯ

ಹಲ್ಲಿನ ಡಾಕ್ಟರಮ್ಮನಿಗೆ ಕಾದಂಬರಿ ಬರೆಯುವ ಯೋಚನೆ ಹೊಳೆದದ್ದು ಒಬ್ಬ ರೋಗಿಯ ದವಡೆ ಹಲ್ಲಿನ ತೂತಿಗೆ ಸಿಮೆಂಟು ತುಂಬುತ್ತಿದ್ದಾಗ. ವರ್ಷಗಟ್ಟಲೆ ಊರವರ ಬಾಯಿ ತೆರೆಸಿದ ತಾನು, ತನ್ನ ಬಾಯಿ ತೆರೆದದ್ದೇ ಇಲ್ಲವಲ್ಲ ಎಂದು ಅವಳಿಗೆ ಒಮ್ಮೆಲೇ ಅನಿಸಿತು. (ಈ ಮಾತನ್ನು ಅವಳ ಗಂಡ ಒಪ್ಪಲಾರ.) ಸಿಮೆಂಟು ಗಟ್ಟಿಯಾಗುವಷ್ಟರಲ್ಲಿ ನಾಯಕಿ ಹುಟ್ಟಿ, ಬೆಳೆದು, ಮದುವೆಯೂ ಆಗಿ ಗಂಡನ ಮನೆ ಸೇರಿದ್ದಳು. ಕುರ್ಚಿಯಲ್ಲಿದ್ದವನು ತೆರೆದ ಬಾಯಲ್ಲೇ ಏನೋ ಗೊರಗೊರ ಅಂದಾಗ ಅವಳು ಈ ಲೋಕಕ್ಕೆ ಬಂದಳು.

"ಏನಾದ್ರೂ ತೊಂದ್ರೆ ಇದ್ಯಾ ಡಾಕ್ಟ್ರೇ?" ಎಂದು ಆತ ಬಾಯಿ ಮುಕ್ಕಳಿಸಿ ಕೇಳಿದ. "ಬಹಳ ಹೊತ್ತು ಒಳಗೇ ನೋಡ್ತಾ ನಿಂತಿದ್ರಿ."

"ಏನಿಲ್ಲ. ಬೇರು ಗಟ್ಟಿಯಾಗಿದೆ" ಎಂದಳು. ಯಾವುದರ ಬೇರು ಎಂದು ಬಿಡಿಸಿ ಹೇಳಲಿಲ್ಲ.

ಮನೆಯಲ್ಲಿ ಈ ಮಹತ್ಕಾರ್ಯದ ಸುದ್ದಿ ಎತ್ತಬಾರದೆಂದು ಅವಳು ಅಂದೇ ತೀರ್ಮಾನಿಸಿದಳು. ಗಂಡ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು ಆತನ ಕೆಲಸ. ಒಟ್ಟು ಎಷ್ಟು ಪುಟ, ದಿನಕ್ಕೆ ಎಷ್ಟು, ಎಂದಿಗೆ ಮುಗಿಯುತ್ತದೆ ಎಂದು ಕೇಳದೆ ಬಿಡುವ ಪ್ರಾಣಿಯಲ್ಲ. ಇನ್ನು ಅತ್ತೆ. ಅವರು ಲೈಬ್ರರಿಯ ಕಾದಂಬರಿಗಳನ್ನೆಲ್ಲ ಓದಿ ಮುಗಿಸಿದವರು; ಕೊನೆಯ ಪುಟ ಮೊದಲು ಓದಿ, ಆಮೇಲೆ ಆ ಗತಿ ಬಂದದ್ದು ಹೇಗೆ ಎಂದು ಹಿಂದಿನಿಂದ ವಿಚಾರಣೆ ನಡೆಸುವವರು. "ಇವನಿಗೆ ಹೆಂಗಸರ ವಿಷಯ ಏನೂ ಗೊತ್ತಿಲ್ಲ" ಎಂದು ದೊಡ್ಡ ದೊಡ್ಡ ಲೇಖಕರನ್ನೇ ಮಡಚಿ ಪಕ್ಕಕ್ಕಿಟ್ಟವರು. ಅಂಥವರೆದುರು ಸೊಸೆಯ ಪಾಡು ಏನಾದೀತು?

ಆದ್ದರಿಂದ ಕದ್ದು ಬರೆಯುವುದೆಂದಾಯಿತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟರೆ ಮಗಳು ತನ್ನ ಭೂಗೋಳದ ನಕ್ಷೆ ತಂದು ಹರಡುತ್ತಿದ್ದಳು. ಅಡುಗೆಮನೆಯಲ್ಲಿ ನಿಂತು ಎರಡು ಸಾಲು ಬರೆಯುವಷ್ಟರಲ್ಲಿ ಹಾಲು ಉಕ್ಕಿ ಒಲೆ ಆರುತ್ತಿತ್ತು. ಕೊನೆಗೆ ಮಲಗುವ ಕೋಣೆಯ ಚಿಲಕ ಹಾಕಿಕೊಂಡು ಕೂತಳು. ಅತ್ತೆ ಬಾಗಿಲು ತಟ್ಟಿದರು.

"ಯಾಕಮ್ಮಾ, ಹುಷಾರಿಲ್ವಾ?"

"ಸ್ವಲ್ಪ ತಲೆನೋವು ಅತ್ತೆ."

ಚಿಲಕ ತೆಗೆದ ಮರುಕ್ಷಣ ಬಾಗಿಲ ಸಂದಿನಿಂದ ಮುಲಾಮಿನ ಡಬ್ಬಿ ಒಳಗೆ ಬಂತು. ಹಿಂದೆಯೇ ಅತ್ತೆಯೂ ಬಂದರು. ಹಣೆಗೆ ತಿಕ್ಕಿಸಿಕೊಂಡು, ಕಣ್ಣು ಉರಿದು, ಅವಳು ಅಂದು ಬರೆದದ್ದು ಒಂದೇ ಪದ. ಆ ಪದವನ್ನೂ ಮರುದಿನ ಹೊಡೆದುಹಾಕಿದಳು.

ಆಮೇಲೆ ಕಾರು ನೆನಪಾಯಿತು. ಕ್ಲಿನಿಕ್ಕಿನಿಂದ ಬಂದು, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಿ, ಪಕ್ಕದ ಸೀಟಿಗೆ ಸರಿದು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡರೆ ಜಗತ್ತೇ ನಿಶ್ಶಬ್ದ. ಮನೆಯವರಿಗೆ "ಕೊನೆಗೊಬ್ಬ ಪೇಷಂಟು ಬಂದ್ರು" ಎಂದರೆ ಸಾಕು. ಕಾದಂಬರಿ ಓಡತೊಡಗಿತು.

ಓಡುತ್ತ ಒಂದು ಕಡೆ ಮುಗ್ಗರಿಸಿತು. ನಾಯಕಿಗೆ ಒಬ್ಬಳೇ ಕೂತು ಬಾಳಿನ ಬಗ್ಗೆ ಚಿಂತಿಸಲು ಒಂದು ಕೋಣೆ ಬೇಕಾಗಿತ್ತು. ಕಾದಂಬರಿಯ ಮನೆಯಲ್ಲಿದ್ದ ಒಂದೇ ಒಂದು ಹೆಚ್ಚಿನ ಕೋಣೆಯಲ್ಲಿ ಅತ್ತೆ ಇದ್ದರು. ಗೋಡೆ ಒಡೆಸಿ ಹೊಸ ಕೋಣೆ ಕಟ್ಟಿಸುವುದಕ್ಕಿಂತ ಅತ್ತೆಯನ್ನು ಸಾಯಿಸುವುದೇ ಸುಲಭ ಎಂದು ಡಾಕ್ಟರಮ್ಮನಿಗೆ ತೋಚಿತು. ಮೊದಲ ಅಧ್ಯಾಯಕ್ಕೆ ಹಿಂದಿರುಗಿ, ಮೊದಲ ವಾಕ್ಯದಲ್ಲೇ ಕೆಲಸ ಮುಗಿಸಿದಳು. ಆದರೆ ಸಾವೆಂದ ಮೇಲೆ ಅದಕ್ಕೊಂದು ಮರ್ಯಾದೆ ಬೇಡವೇ? ಅತ್ತೆಯ ಕನ್ನಡಕ, ಅತ್ತೆಯ ಖಾಲಿ ಕುರ್ಚಿ, ಅತ್ತೆ ಮಡಚಿಟ್ಟ ಟವೆಲು ಎಂದು ಬರೆಯುತ್ತ ಬರೆಯುತ್ತ ಅವಳಿಗೆ ದುಃಖ ಉಕ್ಕಿ ಬಂತು. ಡ್ಯಾಶ್‌ಬೋರ್ಡಿನ ಮೇಲೆ ಕೈಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಅದೇ ಹೊತ್ತಿಗೆ ಕಸದ ಚೀಲ ಹಿಡಿದು ಇಳಿದು ಬಂದವರು ಮೇಲಿನ ಮನೆಯ ರಿಟೈರ್ಡ್ ನರ್ಸಮ್ಮ. ಅವರು ಕಾರಿನೊಳಗೆ ಒಮ್ಮೆ ನೋಡಿದರು. ಕಸವನ್ನು ಹಾಗೇ ಹಿಡಿದುಕೊಂಡು ಮೇಲೆ ಹೋಗಿ ಅತ್ತೆಯ ಬಾಗಿಲ ಗಂಟೆ ಒತ್ತಿದರು.

ಆ ಸಂಜೆ ಅತ್ತೆ ಮಗನನ್ನು ಬಾಲ್ಕನಿಗೆ ಕರೆದರು.

"ಅವಳಿಗೆ ಏನಂದೆ ನೀನು?"

"ಏನೂ ಅಂದಿಲ್ವಲ್ಲಮ್ಮ."

"ಅದೇ ಕಣೋ ತೊಂದ್ರೆ. ನಿಮ್ಮಪ್ಪನೂ ಹೀಗೇ. ಏನೂ ಅನ್ನದೇ ನನ್ನ ಪ್ರಾಣ ತಿಂದ್ರು."

ಇನ್ಸ್‌ಪೆಕ್ಟರು ಅಂದಿನಿಂದ ಹೆಂಡತಿಗೆ ಏನಾದರೂ ಅನ್ನಲು ತೊಡಗಿದ. "ಈ ಸೀರೆ ಚೆನ್ನಾಗಿದೆ" ಎಂದ. ಅವಳು ಉಟ್ಟಿದ್ದು ಸೀರೆಯಲ್ಲ, ಕ್ಲಿನಿಕ್ಕಿನ ಹಸಿರು ಅಂಗಿ. ಪಾತ್ರೆ ತೊಳೆದ. ತಲೆ ಒತ್ತಲೇ ಎಂದು ಕೇಳಿದ. ಇವನು ಏನೋ ತಪ್ಪು ಮಾಡಿ ಮುಚ್ಚಿಡುತ್ತಿದ್ದಾನೆ ಎಂದು ಡಾಕ್ಟರಮ್ಮನಿಗೆ ಗುಮಾನಿ ಹತ್ತಿತು. ಅವಳು ಗುಮಾನಿಯಿಂದ ನೋಡಿದಷ್ಟೂ ಆತ ಇನ್ನಷ್ಟು ಹೆದರಿ ಇನ್ನಷ್ಟು ಪಾತ್ರೆ ತೊಳೆದ.

ಭಾನುವಾರ ಮಧ್ಯಾಹ್ನ ಅವಳ ಅಣ್ಣ ಹೇಳದೆ ಕೇಳದೆ ಬಂದ. ಅಣ್ಣ ವಕೀಲ. ಕರೆಸಿದ್ದು ಅತ್ತೆ. ಸೋಫಾದಲ್ಲಿ ನೆಟ್ಟಗೆ ಕೂತು, ಬಾವನ ಮುಖ ನೋಡದೆ, ತಂಗಿಯ ಕಡೆ ತಿರುಗಿ ಕೋರ್ಟಿನ ದನಿಯಲ್ಲಿ ಹೇಳಿದ:

"ನೋಡು, ಏನೇ ಇದ್ರೂ ಮುಚ್ಚುಮರೆ ಬೇಡ. ನಾನಿದೀನಿ."

"ಏನಿದೆ?" ಎಂದಳು ಅವಳು.

"ಕಾರಲ್ಲಿ ಕೂತು ಯಾಕೆ ಅಳ್ತೀಯಾ?" ಎಂದು ಅತ್ತೆಯೇ ಕೇಳಿದರು. ದನಿ ಮೆತ್ತಗಿತ್ತು. "ದಿನಾ ಸಂಜೆ ಕೆಳಗೆ ಬಂದು ಮೇಲೆ ಬರೋಕೆ ಮನಸ್ಸಿಲ್ದೆ ಕೂತಿರ್ತೀಯಂತೆ. ಈ ಮನೇಲಿ ನಿನಗೆ ಅಷ್ಟು ಬೇಜಾರಾಗೋ ಹಾಗೆ ಯಾರು ಏನು ಮಾಡಿದೀವಿ?"

ಇನ್ಸ್‌ಪೆಕ್ಟರು ನೆಲ ನೋಡುತ್ತಿದ್ದ. ಮಗಳು ನಕ್ಷೆಗೆ ಬಣ್ಣ ಹಚ್ಚುವುದನ್ನು ನಿಲ್ಲಿಸಿದ್ದಳು. ಇನ್ನು ಸುಳ್ಳು ಹೇಳುವುದು ಡಾಕ್ಟರಮ್ಮನಿಂದ ಆಗಲಿಲ್ಲ.

"ನಾನು ಕಾದಂಬರಿ ಬರೀತಿದೀನಿ" ಎಂದಳು.

ಸಂಸಾರ ಮುರಿಯಲಿಲ್ಲ ಎಂದು ಎಲ್ಲರೂ ಸಂತೋಷಪಟ್ಟರೆಂದು ನೀವು ತಿಳಿದಿರಬಹುದು. ಅಣ್ಣನ ಮುಖ ಇಳಿಯಿತು. ಭಾನುವಾರ ಹಾಳು ಮಾಡಿಕೊಂಡು ಬಂದಿದ್ದ. ಗಂಡ ತಲೆಯೆತ್ತಿ, "ಎಷ್ಟು ಪುಟ?" ಎಂದ. ಅತ್ತೆ ಮಾತ್ರ ಕನ್ನಡಕ ಒರೆಸಿ ಹಾಕಿಕೊಂಡು ಕುರ್ಚಿಯನ್ನು ಮುಂದಕ್ಕೆಳೆದರು.

"ಓದಿಸು."

"ಇನ್ನೂ ಹಸಿ ಇದೆ ಅತ್ತೆ. ಆಮೇಲೆ—"

"ಹಸಿಯಾಗಿದ್ದಾಗ್ಲೇ ತಿದ್ದಬೇಕು. ಅವನ ಕೈಗೆ ಕೊಡು."

ಇನ್ಸ್‌ಪೆಕ್ಟರು ಲ್ಯಾಪ್‌ಟಾಪ್ ತೆರೆದು, ಇಲಾಖೆಯ ಸುತ್ತೋಲೆ ಓದುವ ದನಿಯಲ್ಲಿ ಶುರುಮಾಡಿದ: "ಸೋಮವಾರ ಬೆಳಿಗ್ಗೆ ಅತ್ತೆ ಸತ್ತರು. ಮನೆಗೆ ಬೆಳಕು ಬಂತು."

ಎರಡನೇ ವಾಕ್ಯ ಕಿಟಕಿಯ ಪರದೆ ಸರಿಸಿದ್ದಕ್ಕೆ ಸಂಬಂಧಪಟ್ಟದ್ದೆಂದು ವಿವರಿಸಲು ಡಾಕ್ಟರಮ್ಮನ ನಾಲಿಗೆ ಹೊರಳಲಿಲ್ಲ. ಮುಲಾಮು ತಿಕ್ಕಿದ ಕೈಗಳು ಎದುರಿಗೇ ಅತ್ತೆಯ ಮಡಿಲಲ್ಲಿದ್ದವು. ಅವುಗಳನ್ನು ನೋಡಿ ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ಏನಾಗಿ ಸತ್ತೆ?" ಎಂದು ಅತ್ತೆ ಕೇಳಿದರು.

"ಅದು ನೀವಲ್ಲ ಅತ್ತೆ. ಸುಮ್ನೆ ಒಂದು ಅತ್ತೆ."

"ಏನಾಗಿ?"

"ಹೃದಯಾಘಾತ."

"ನನ್ನ ಹೃದಯ ಚೆನ್ನಾಗಿದೆ. ನಂದು ಮಂಡಿ."

"ಅತ್ತೆ, ನಿಜ ಹೇಳ್ತೀನಿ, ಅದನ್ನ ಬರೀವಾಗ್ಲೇ ನಾನು ಕಾರಲ್ಲಿ ಅತ್ತೆ, ಅತ್ತೆ."

"ಇದರಲ್ಲಿ ಕ್ರಿಯಾಪದ ಯಾವುದು?" ಎಂದು ವಕೀಲಣ್ಣ ಕೇಳಿದ.

ಅತ್ತೆ ಸೊಸೆಯ ಕಡೆ ತಿರುಗಿದರು. "ನನಗೋಸ್ಕರ ಅತ್ತೆಯಾ?" ಎಂದರು. ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು, "ಅಳೋದಾದ್ರೆ ಸಾಯಿಸಿದ್ದು ಯಾಕೆ? ಬದುಕಿಸು" ಎಂದರು.

"ನಾನೇನು ಮಾಡ್ತೀನಿ ಇದರಲ್ಲಿ?" ಎಂದು ಇನ್ಸ್‌ಪೆಕ್ಟರು ಪುಟ ಸರಿಸುತ್ತ ಕೇಳಿದ.

"ಆಫೀಸಿಗೆ ಹೋಗಿ ಬರ್ತೀರ."

"ಅಷ್ಟೇನಾ?"

"ಮತ್ತಿನ್ನೇನು ಮಾಡ್ತೀರ?" ಎಂದಳು ಅವಳು. ಆತ ಯೋಚಿಸಿ ನೋಡಿದ. ಏನೂ ಹೊಳೆಯದೆ ಮುಂದಿನ ಪುಟ ಸರಿಸಿದ.

ಅಂದಿನಿಂದ ಊಟದ ಮೇಜಿನ ಅರ್ಧ ಭಾಗ ಅಧಿಕೃತವಾಗಿ ಸಾಹಿತ್ಯಕ್ಕೆ ಸಂದಿತು. ಡಾಕ್ಟರಮ್ಮ ಕೂತರೆ ಪಕ್ಕದ ಕುರ್ಚಿಯಲ್ಲಿ ಅತ್ತೆ ಕೂರುತ್ತಿದ್ದರು. ಬದುಕಿದ ಅತ್ತೆ ಮೊದಲು ತಮ್ಮ ಕೋಣೆ ವಾಪಸು ತೆಗೆದುಕೊಂಡರು. ನಾಯಕಿ ನಡುಮನೆಯಲ್ಲಿ ಕೂತು ಚಿಂತಿಸಬೇಕಾಯಿತು. "ಹಾಗೆಲ್ಲ ಮಾತಾಡೋಳಲ್ಲ ನಾನು, ನೇರವಾಗಿ ಹೇಳ್ತೀನಿ, ಬರಕೋ" ಎಂದು ಅತ್ತೆ ಹೇಳುತ್ತಿದ್ದರೆ ಸೊಸೆಯ ಬೆರಳುಗಳು ಓಡುತ್ತಿದ್ದವು. ಹದಿವಯಸ್ಸಿನಲ್ಲಿ ಮನೆ ಬಿಟ್ಟು ನಾಟಕದ ಕಂಪನಿ ಸೇರಲು ಹೊರಟು ಬಸ್‌ಸ್ಟ್ಯಾಂಡಿನಿಂದ ವಾಪಸಾದದ್ದು, ಮದುವೆಯ ಮಾರನೆಯ ದಿನ ಗಂಡನೊಡನೆ ಮಾತು ಬಿಟ್ಟದ್ದು, ಅದಕ್ಕೆ ಕಾರಣ ಒಂದು ಛತ್ರಿ ಎಂಬುದು, ಇವನ್ನೆಲ್ಲ ಮಗನೂ ಅದುವರೆಗೆ ಕೇಳಿರಲಿಲ್ಲ. ಇನ್ಸ್‌ಪೆಕ್ಟರು ಪಾತ್ರೆ ತೊಳೆಯುತ್ತ ನಲ್ಲಿ ಸಣ್ಣಗೆ ಮಾಡಿ ಕಿವಿಗೊಡುತ್ತಿದ್ದ.

ನಡುನಡುವೆ ಅವಕಾಶ ಸಿಕ್ಕಾಗ ಡಾಕ್ಟರಮ್ಮ ನಾಯಕಿಯ ಅಂತರಂಗವನ್ನೂ ಸೇರಿಸಿದಳು. ಅದು ತನ್ನದೇ ಅಂತರಂಗವಾದ್ದರಿಂದ ಧಾರಾಳವಾಗಿಯೇ ಸೇರಿಸಿದಳು. ಕಾದಂಬರಿ ಮುಗಿಯಿತು, ಪ್ರಕಾಶಕರಿಗೆ ಹೋಯಿತು.

ಪ್ರಕಾಶಕರ ಫೋನು ಬಂದಾಗ ಅವಳು ಕ್ಲಿನಿಕ್ಕಿನಲ್ಲಿ ಕೈಗವಸು ಕಳಚುತ್ತಿದ್ದಳು.

"ಡಾಕ್ಟ್ರೇ, ಓದಿದೆ. ಆ ಅತ್ತೆ ಇದಾರಲ್ಲ, ಎಂಥಾ ಪಾತ್ರ ರೀ. ನಾವು ಹಾಕ್ತೀವಿ, ಖಂಡಿತ ಹಾಕ್ತೀವಿ."

ಅವಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಒಂದೇ ಒಂದು ಸಣ್ಣ ವಿಷಯ" ಎಂದು ಆತ ಮುಂದುವರಿಸಿದ. "ಆ ಸೊಸೆ ಯಾಕಿದಾಳೆ? ಕಥೆ ಚೆನ್ನಾಗಿ ಹೋಗ್ತಿರೋವಾಗೆಲ್ಲ ಅಡ್ಡ ಬಂದು ಏನೋ ಯೋಚನೆ ಮಾಡ್ತಾ ನಿಂತ್ಬಿಡ್ತಾಳೆ. ಅವಳನ್ನ ತೆಗೆದುಬಿಟ್ರೆ ಪುಸ್ತಕ ಹಗುರಾಗತ್ತೆ, ನೋಡಿ."

ಮನೆಗೆ ಬಂದು ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ತೆಗೆದ್ರೆ ಎಷ್ಟು ಪುಟ ಕಮ್ಮಿ ಆಗತ್ತೆ?" ಎಂದು ಗಂಡ ಕೇಳಿದ. ಅತ್ತೆ ಕಾಲು ನೀಡಿಕೊಂಡು, ಮಂಡಿ ನೀವಿಕೊಳ್ಳುತ್ತ, ನ್ಯಾಯಾಧೀಶರ ಗಾಂಭೀರ್ಯದಿಂದ ಯೋಚಿಸಿದರು.

"ಬೇಡ, ಇರ್ಲಿ ಬಿಡು ಪಾಪ" ಎಂದರು ಕೊನೆಗೆ. "ಅಷ್ಟೂ ಅಧ್ಯಾಯದಲ್ಲಿ ನಾನೊಬ್ಬಳೇ ಮಾತಾಡಬೇಕು ಅಂದ್ರೆ ಗಂಟಲು ಒಣಗತ್ತೆ. ಟೀ ಮಾಡಿಕೊಡೋಕೆ ಒಬ್ಬಳು ಬೇಕಲ್ಲ."

ನಾಯಕಿ ಎದ್ದು ಅಡುಗೆಮನೆಗೆ ಹೋಗಿ ನೀರಿಟ್ಟಳು.