ಒಂದು ತೋಳಿನ ಜಂಪರು

ಟಿಚ್.

ಅಷ್ಟೇ ಸದ್ದು. ಒತ್ತಿದರೆ ಕೂಡಿಕೊಳ್ಳುವ, ಎಳೆದರೆ ಬಿಡಿಸಿಕೊಳ್ಳುವ ಪುಟ್ಟ ಟಿಚ್ ಗುಂಡಿಯ ಸದ್ದು. ಹಳೇ ಬಾಗಲಕೋಟೆಯ ನಮ್ಮ ಓಣಿಯಲ್ಲಿ ಅದನ್ನು ಕೇಳಿದಾಗ ನನಗೆ ಹತ್ತು ವರ್ಷ. ಆ ಓಣಿ ಈಗ ಹಿನ್ನೀರಿನ ತಳದಲ್ಲಿದೆ. ಸದ್ದು ಮಾತ್ರ ಮುಳುಗಿಲ್ಲ. ಅದರ ಜೊತೆಗೆ ನಾನು ಮಾಡಿದ ಒಂದು ತಪ್ಪೂ ಇದೆ. ಅದನ್ನು ಅಕ್ಕನಿಗೆ ಹೇಳಬೇಕು, ಹೇಳಬೇಕು ಅನ್ನುತ್ತಲೇ ಅರವತ್ತು ವರ್ಷ ಕಳೆದೆ.

ನಮ್ಮ ಅಕ್ಕನಿಗೆ ದೇವರ ಮೇಲೆ ಎಷ್ಟು ನಂಬಿಕೆಯಿತ್ತೋ ಹೇಳಲಾರೆ. ಕಿಸೆಯ ಮೇಲೆ ಮಾತ್ರ ಅಚಲ ನಂಬಿಕೆ! ಇಳಕಲ್ಲಿನಲ್ಲಿ ಐವತ್ತು ವರ್ಷ ಹೆಣ್ಣುಮಕ್ಕಳ ಬಟ್ಟೆ ಹೊಲಿದವಳು. ಕೊರಳಲ್ಲಿ ಸದಾ ಅಳತೆಯ ಟೇಪು. ಮದುವೆಗೆ ಬಂದರೂ ಅದೇ, ಮಣ್ಣಿಗೆ ಬಂದರೂ ಅದೇ. ಗಿರಾಕಿ ಕೇಳಲಿ ಬಿಡಲಿ, ಅವಳು ಹೊಲಿದ ಪ್ರತಿಯೊಂದರಲ್ಲೂ ಕಿಸೆ ಇರಲೇಬೇಕು. ಒಮ್ಮೆ ಮದುಮಗಳೊಬ್ಬಳ ಸೀರೆಯ ಜಂಪರಿನೊಳಗೂ ಇಟ್ಟುಬಿಟ್ಟಳು. ಗಂಡಿನ ತಾಯಿ ಬಂದು ಇದೇನೆಂದು ಕೇಳಿದರಂತೆ.

"ತನ್ನದು ಅಂತ ಏನರೆ ಒಂದು ಇಟ್ಕೊಳ್ಳಿಕ್ಕೆ ಅಕಿಗೆ ಜಾಗಾ ಬ್ಯಾಡೇನ್ರಿ?" ಅಂದಳಂತೆ ಅಕ್ಕ.

ಆಕೆ ಮುಂದಿನ ವಾರ ತಮ್ಮ ನಾಲ್ಕು ಜಂಪರು ತಂದು ಕೊಟ್ಟು, ಎಲ್ಲಕ್ಕೂ ಕಿಸೆ ಹಾಕಿಸಿಕೊಂಡರು.

ಬಾದಾಮಿಯಲ್ಲಿ ನಡೆದದ್ದನ್ನು ನೀವು ನಂಬಲಿಕ್ಕಿಲ್ಲ. ಗುಹೆಗಳ ಮೆಟ್ಟಿಲ ಮೇಲೆ ಯಾವುದೋ ದೂರದ ಊರಿನ ಕಾಲೇಜು ಹುಡುಗಿಯೊಬ್ಬಳು ಮೊಬೈಲು, ಪರ್ಸು, ನೀರಿನ ಬಾಟಲಿ ಮೂರನ್ನೂ ಎರಡು ಕೈಯಲ್ಲಿ ಹಿಡಿದು ಒದ್ದಾಡುತ್ತಿದ್ದಳು. ಅಕ್ಕ ಅವಳನ್ನು ಎಳೆದು ಕೂಡಿಸಿದಳು. ಚೀಲದಿಂದ ಸೂಜಿ-ದಾರ ತೆಗೆದು, ತನ್ನದೇ ಕರವಸ್ತ್ರವನ್ನು ಅವಳ ಕುರ್ತಾದ ಬದಿಗಿಟ್ಟು ಹೊಲಿಯತೊಡಗಿದಳು. ಹುಡುಗಿಗೆ ಕನ್ನಡ ಬಾರದು, ಅಕ್ಕನಿಗೆ ಬೇರೇನೂ ಬಾರದು. ನಾನು ಪಕ್ಕದಲ್ಲಿ ನಿಂತು, "ಎಕ್ಸ್‌ಕ್ಯೂಸ್ ಹರ್ ಡಿಯರ್, ಶೀ ಮೀನ್ಸ್ ವೆಲ್" ಅನ್ನುತ್ತಿದ್ದೆ. ಅಷ್ಟರಲ್ಲಿ ಮಂಗವೊಂದು ಬಂದು ಅಕ್ಕನ ಟೇಪು ಕಿತ್ತುಕೊಂಡು ಬಂಡೆ ಏರಿತು. ಏರಿ, ಅದನ್ನು ಕೊರಳಿಗೆ ಹಾಕಿಕೊಂಡು ಕೂತಿತು.

ಅಕ್ಕ ತಲೆಯೆತ್ತಿ ನೋಡಿ, "ಇರಲಿ ಬಿಡು, ಪಾಪ, ಅದಕ್ಕೂ ಕಿಸೆ ಇಲ್ಲ" ಅಂದಳು.

ಹೋದ ವರ್ಷ ನನ್ನ ಮೊಮ್ಮಗಳಿಗೆ ಯುನಿವರ್ಸಿಟಿಯಲ್ಲಿ ಸೀಟು ಸಿಕ್ಕಿತು. ಹಾಸ್ಟೆಲ್ಲಿಗೆ ಹೋಗಲು ಎಂಟೇ ದಿನ. ಫ್ರೆಶರ್ಸ್ ನೈಟ್ ಅಂತೆ, ಗೆಳತಿಯರ ಬರ್ತ್‌ಡೇ ಊಟ ಅಂತೆ, ಸಂಜೆಯ ಸಿನಿಮಾ ಅಂತೆ. ಅವಕ್ಕೆಲ್ಲ ಏನು ಹಾಕಿಕೊಳ್ಳುವುದು ಎಂಬ ಚಿಂತೆಯಲ್ಲಿ ಹುಡುಗಿ ಮಂಚದ ಮೇಲೆ ಬಟ್ಟೆಯ ಗುಡ್ಡ ಹಾಕಿಕೊಂಡು ಕೂತಿದ್ದಳು. ಸುದ್ದಿ ಇಳಕಲ್ಲಿಗೆ ಮುಟ್ಟಿತು. ಎಂಬತ್ತು ತುಂಬಲು ಬಂದ ಅಕ್ಕ ಮರುದಿನವೇ ಆಧಾರ್ ಕಾರ್ಡು ತೋರಿಸಿ, ಫ್ರೀ ಟಿಕೆಟ್ಟಿನಲ್ಲಿ ಬಾಗಲಕೋಟೆ ನವನಗರದ ನಮ್ಮ ಮನೆಗೆ ಹಾಜರು.

ಹುಡುಗಿ ಒಂದು ಮೋಟು ಟಾಪು ಎತ್ತಿ ಹಿಡಿದಳು. ನಾನು ಕಾನ್ವೆಂಟಿನವಳು ನೋಡಿ, "ನಾಟ್ ಡಿಸೆಂಟ್. ಹೊಟ್ಟಿ ಕಾಣ್ತದ" ಅಂದೆ.

"ಹೊಟ್ಟಿ ಕಂಡ್ರ ಏನಾತು?" ಅಕ್ಕ ನನ್ನ ಮೇಲೆಯೇ ಹಾಯ್ದಳು. "ಸೀರಿ ಉಟ್ಟಾಗ ನಿನ್ನ ಹೊಟ್ಟಿ ಎಲ್ಲೆ ಹೋಗಿರ್ತದ, ಹುನಗುಂದಕ್ಕೇನು?"

ಮೊಮ್ಮಗಳು ಬಟ್ಟೆಯ ಗುಡ್ಡದ ಮೇಲೆ ಬಿದ್ದು ನಕ್ಕಳು. ನಗು ಬಹಳ ಹೊತ್ತು ಉಳಿಯಲಿಲ್ಲ, ಪರೀಕ್ಷೆ ಶುರುವಾಯಿತು. ಒಂದೊಂದು ಬಟ್ಟೆ ಹಾಕಿಕೊಂಡು ಮಾಳಿಗೆಯ ಮೇಲೆ ಓಡಬೇಕು. ಬಸ್ಸಿನ ಮೆಟ್ಟಿಲೆಂದು ತಿಳಿದು ಸ್ಟೂಲು ಹತ್ತಬೇಕು. ಆಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬದನೆಕಾಯಿ ಪಲ್ಯದ ಜೊತೆ ಒಂದು ರೊಟ್ಟಿ ಉಣ್ಣಬೇಕು. ಬಿಳಿ ಜೀನ್ಸು ಅರ್ಧ ರೊಟ್ಟಿಗೇ ಸೋತಿತು.

"ಊಟಕ್ಕ ಹೊಂಟಾಕಿಗೆ ಉಣ್ಣಲಿಕ್ಕೇ ಬರಲಿಲ್ಲಂದ್ರ ಆ ಅರಿವಿ ಯಾಕ ಬೇಕು?" ಅಂದಳು ಅಕ್ಕ. ಹೈ ಹೀಲ್ಸ್ ನೋಡಿ, "ಇವನ್ನ ಕಪಾಟಿನ್ಯಾಗ ಇಟ್ಟು ನೋಡು, ಚಂದ ಅವ" ಅಂದಳು.

ಕೊನೆಗೆ ಪಾಸಾದದ್ದು ಒಂದೇ, ಕಪ್ಪು ಫ್ರಾಕು. ಅದಕ್ಕೆ ತೋಳಿಲ್ಲ.

"ಇಳಕಲ್ಲಜ್ಜಿ, ತೋಳಿಲ್ಲದ್ದು ಹಾಕ್ಕೊಂಡು ಮನಿಂದ ಹೊಂಟ್ರ ಅಪ್ಪ ಬೈತಾನ" ಎಂದಳು ಮೊಮ್ಮಗಳು.

ಅಕ್ಕ ಕೊರಳಿನ ಟೇಪು ತೆಗೆದು ಅವಳ ತೋಳು ಅಳೆದಳು. ಮಧ್ಯಾಹ್ನವೆಲ್ಲ ನನ್ನ ಹಳೇ ಮಶೀನು ಓಡಿತು. ಸಂಜೆ ಫ್ರಾಕಿಗೆ ಎರಡು ದೊಡ್ಡ ಕಿಸೆ ಬಂದಿದ್ದವು. ತೋಳೂ ಬಂದಿದ್ದವು. ಅಕ್ಕ ಭುಜದ ಹತ್ತಿರ ಬೆರಳಿಟ್ಟು ಎಳೆದಳು. ಟಿಚ್, ಟಿಚ್. ತೋಳು ಕೈಗೆ ಬಂತು.

"ಬಿಚ್ಚಿದ ಮ್ಯಾಲೆ ಇವು ನಿನ್ನ ಕಿಸೇದಾಗ ಇರಬೇಕು" ಅಂದಳು. "ಯಾರ ಕೈಯಾಗೂ ಕೊಡಬ್ಯಾಡ. ಎಷ್ಟ ಹತ್ರದವರಿರಲಿ."

ಹಾಗೆನ್ನುವಾಗ ಅವಳು ನನ್ನ ಕಡೆ ನೋಡಲಿಲ್ಲ. ನನಗೂ ಅವಳ ಮುಖ ನೋಡಲಾಗಲಿಲ್ಲ.

ಹಳೇ ಬಾಗಲಕೋಟೆಯಲ್ಲಿ ಅಕ್ಕ ಕಾಲೇಜು ಸೇರಿದ ವರ್ಷ ಅಲ್ಲಿ ಗ್ಯಾದರಿಂಗ್ ಇತ್ತು, ಅಂದರೆ ವಾರ್ಷಿಕೋತ್ಸವ, ರಾತ್ರಿಯ ಕಾರ್ಯಕ್ರಮ. ಅಪ್ಪ ಸಾಲಿಯ ಮಾಸ್ತರು. "ತಂಗಿನ್ನ ಕರಕೊಂಡು ಹೋಗೋದಾದ್ರ ಹೋಗು" ಅಂದಿದ್ದರು. ನಾನು ಬೋರ್ಡಿಂಗಿನಿಂದ ರಜೆಗೆ ಬಂದವಳು, ಕಾನ್ವೆಂಟಿನ ಬೂಟು, ಕಾಲುಚೀಲ ಹಾಕಿಕೊಂಡು ಠೀವಿಯಿಂದ ಹೊರಟೆ. ಅಕ್ಕ ಇಳಕಲ್ ಸೀರೆಗೆ ತಾನೇ ಹೊಲಿದ ಹಸಿರು ಜಂಪರು ತೊಟ್ಟಿದ್ದಳು. ಮೊಳಕೈವರೆಗೆ ತೋಳು. ಅಪ್ಪ ನೋಡಿ ತಲೆಯಾಡಿಸಿದರು. ಓಣಿಯ ತಿರುವು ದಾಟಿದ್ದೇ, ಟಿಚ್, ಟಿಚ್. ತೋಳೆರಡನ್ನೂ ಬಿಚ್ಚಿ ನನ್ನ ಕೈಯಲ್ಲಿಟ್ಟಳು. ಕಂಬದ ದೀಪದ ಕೆಳಗೆ ಅವಳು ನಡೆದು ಹೋದ ಚಂದ ಇವತ್ತಿಗೂ ನನ್ನ ಕಣ್ಣಲ್ಲಿದೆ.

ಕಾಲೇಜಿನಲ್ಲಿ ನನ್ನನ್ನು ಹಿಂದಿನ ಬೆಂಚಿನ ಮೇಲೆ ಕೂಡಿಸಿ, "ಈಗ ಬಂದೆ" ಎಂದು ಹೋದಳು. ಬರಲಿಲ್ಲ. ನಾಟಕ ಮುಗಿಯಿತು, ಹಾಡು ಮುಗಿಯಿತು. ನನಗೆ ಹಸಿವೆ. ಗೆಳತಿಯರ ನಡುವೆ ಅವಳು ನಗುವುದು ಅಲ್ಲಿಂದಲೇ ಕೇಳುತ್ತಿತ್ತು. ಅವಳು ಹಾಗೆ ನಕ್ಕದ್ದನ್ನು ಮನೆಯಲ್ಲಿ ನಾನು ಕೇಳಿಯೇ ಇರಲಿಲ್ಲ. ಹೊಟ್ಟೆಯ ಹಸಿವೆ ಹೋಗಿ ಸಿಟ್ಟಾಯಿತು.

ವಾಪಸು ಬರುವಾಗ ಓಣಿಯಲ್ಲಿ ಕೈ ಚಾಚಿದಳು. ನಾನು ಒಂದೇ ತೋಳು ಕೊಟ್ಟೆ. ಇನ್ನೊಂದನ್ನು ಆಗಲೇ ಕಾಲುಚೀಲದೊಳಗೆ ತುರುಕಿದ್ದೆ.

"ಬಿದ್ದಿರಬೇಕು" ಅಂದೆ. ಮಾರಲ್ ಸೈನ್ಸಿನಲ್ಲಿ ಪ್ರೈಜು ತೆಗೆದುಕೊಂಡ ಹುಡುಗಿ ನಾನು.

ಬಾಗಿಲಲ್ಲಿ ಅಪ್ಪ ಕಂದೀಲು ಹಿಡಿದು ನಿಂತಿದ್ದರು. ಅಕ್ಕ ಹೊದ್ದುಕೊಂಡಿದ್ದ ಸೆರಗು ಜಾರಿತು. ಒಂದು ಕೈಗೆ ತೋಳು, ಒಂದು ಕೈ ಬರಿದು. ಎರಡೂ ಇಲ್ಲದಿದ್ದರೆ ಫ್ಯಾಶನ್ ಅನ್ನಬಹುದಿತ್ತೋ ಏನೋ. ಒಂದಿದ್ದು ಒಂದಿಲ್ಲದ್ದಕ್ಕೆ ಏನು ಹೇಳುವುದು? ಅಪ್ಪ ಬೈಯಲಿಲ್ಲ. "ನಾಳಿಂದ ಕಾಲೇಜು ಸಾಕು" ಅಂದರು.

ಅವಳು ನಾಲ್ಕು ಮಾತು ಬೈಸಿಕೊಳ್ಳಲಿ ಎಂದಷ್ಟೇ ನಾನು ಬಯಸಿದ್ದು. ರಜೆ ಮುಗಿದು ನಾನು ಸಾಲಿಗೆ ಹೋದೆ, ಮುಂದೆ ಬಿ.ಎ. ಕೂಡ ಮಾಡಿದೆ. ಅವಳು ಇಳಕಲ್ಲಿಗೆ ಮದುವೆಯಾಗಿ ಹೋದಳು. ನನ್ನ ಕಾನ್ವೊಕೇಶನ್ನಿಗೆ ಜಂಪರು ಹೊಲಿದುಕೊಟ್ಟವಳು ಅವಳೇ. ಅದರಲ್ಲೂ ಕಿಸೆ ಇತ್ತು. ಹಸಿರು ತೋಳು ನನ್ನ ಟ್ರಂಕಿನ ತಳದಲ್ಲಿ ಉಳಿಯಿತು.

ಮೊಮ್ಮಗಳ ಫ್ರಾಕು ಮುಗಿದ ಮರುದಿನ ಅಕ್ಕನನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಇಳಕಲ್ ಬಸ್ಸಿನ ಕಿಟಕಿಯ ಪಕ್ಕ ಕೂತಳು. ನಾನು ಕೆಳಗೆ ನಿಂತು, ಪರ್ಸಿನಿಂದ ಆ ಹಸಿರು ತೋಳು ತೆಗೆದು ಕಿಟಕಿಯೊಳಗೆ ಕೊಟ್ಟೆ. "ಸಾರಿ" ಅನ್ನುವುದನ್ನು ಕಾನ್ವೆಂಟಿನ ಸಿಸ್ಟರುಗಳು ನನಗೆ ಐದು ವರ್ಷಕ್ಕೇ ಕಲಿಸಿದ್ದರು. ಆ ಹೊತ್ತು ಬಾಯಿಗೆ ಬರಲಿಲ್ಲ.

ಅಕ್ಕ ಅದನ್ನು ತಿರುವಿ ನೋಡಿದಳು. ಗುಂಡಿಗಳನ್ನು ಉಗುರಿನಿಂದ ಮುಟ್ಟಿದಳು. "ಹೊಲಿಗಿ ಇನ್ನೂ ಗಟ್ಟಿ ಅದ ನೋಡು" ಅಂದಳು. ಆಮೇಲೆ ಕಿಟಕಿಯಿಂದ ಬಾಗಿ, "ಅವತ್ತ ನಿನಗ ಭಾಳ ಹಸಿವಾಗಿತ್ತಲ್ಲ? ನಿನಗ ಏನರೆ ತಿನಸೋದು ನಾ ಮರ್ತೇ ಬಿಟ್ಟಿದ್ದೆ."

"ನಿನಗ ಗೊತ್ತಿತ್ತೇನ ಅಕ್ಕಾ?"

"ಕಂದೀಲಿನ ಬೆಳಕಿನ್ಯಾಗ ನಿನ್ನ ಕಾಲುಚೀಲ ಉಬ್ಬಿದ್ದು ಕಾಣ್ತಿತ್ತು. ಅಪ್ಪನ ಮುಂದ ಹ್ಯಾಂಗ ಹೇಳ್ಲಿ? ನಿನಗೂ ಸಾಲಿ ಬಿಡಿಸಿದ್ರ?"

ಬಸ್ಸು ಅಲುಗಿತು. ನಾನು ಏನೋ ಹೇಳಲು ಹೋದೆ, ಹಾರ್ನಿನಲ್ಲಿ ಮುಳುಗಿತು. ಅಕ್ಕ ಆ ತೋಳನ್ನು ತನ್ನ ಬಲಗೈಗೆ ಏರಿಸಿದಳು. ಮುಪ್ಪಿನಲ್ಲಿ ಸೊರಗಿದ ಕೈಗೆ ಹದಿನೆಂಟರ ತೋಳು ಅಳತೆ ತೆಗೆದು ಹೊಲಿದಂತೆ ಕೂತಿತು.

ಮೂರು ತಿಂಗಳಿಗೆ ಅಕ್ಕ ತೀರಿಕೊಂಡಳು. ಊರಲ್ಲಿ ಮಳೆ, ರಸ್ತೆ ಕೆಟ್ಟಿತ್ತು. ನಾನು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹಾಗಾಗಿ ನಾನು ಅವಳನ್ನು ಕೊನೆಯ ಸಲ ಕಂಡದ್ದು ಅದೇ ಬಸ್ಸಿನ ಕಿಟಕಿಯಲ್ಲಿ. ತಿರುವು ದಾಟುವವರೆಗೂ ಬೀಸುತ್ತಿದ್ದ ಒಂದು ಕೈ, ಅದರ ಮೇಲೆ ಹಸಿರು ತೋಳು.